ಸೊಂಟನೋವು ಅಂತ ಹೋದರೆ ಒಂಟಿಕಾಲಲ್ಲಿ ನಿಲ್ಲಿಸಿದರು. ಇದೂ ಒಂದು ಚಿಕಿತ್ಸೆನಾ?

ಗೋಡೆಗೊರಗಿದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ವಯಸ್ಸು 41. ಇಡೀ ದಿನ ಕೂತು ಮಾಡುವ ಕೆಲಸ. ಸೊಂಟನೋವು ಶುರುವಾಗಿ ಮೂರು ವರ್ಷ ಆಯಿತು. ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳೋಣ ಅಂತ ಬಗ್ಗಿದೆ, ಅಲ್ಲೇ ಹಿಡಿದುಕೊಂಡಿತು. ಪೆನ್ನು ಸ್ವಾಮಿ! ಮೂಟೆ ಹೊತ್ತು ಹೀಗಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಎರಡು ವಾರಕ್ಕೆ ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಮೂರನೇ ಸಲ ಬಂದದ್ದು ಹೋಗಲೇ ಇಲ್ಲ. ಎಂಆರ್‌ಐ ಆಯಿತು. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್‌ಗಳಲ್ಲಿ ಕೆಳಗಿನ ಒಂದು ಸ್ವಲ್ಪ ಉಬ್ಬಿದೆ, ಆಪರೇಷನ್ ಏನೂ ಬೇಡ ಅಂದರು. ಕಾಲಿಗೆ ನೋವು ಇಳಿಯುವುದಿಲ್ಲ, ಜೋಮು ಇಲ್ಲ.

ಅವತ್ತಿನಿಂದ ಒಂದೇ ಹಟ ಹಿಡಿದೆ. ಬೆನ್ನು ನೆಟ್ಟಗಿರಬೇಕು. ಕೂತರೆ ನೆಟ್ಟಗೆ, ನಿಂತರೆ ನೆಟ್ಟಗೆ, ಕೆಮ್ಮಿದರೂ ನೆಟ್ಟಗೆ. ಹೊರಗೆ ಹೊರಟರೆ ಬೆಲ್ಟ್. ಬಗ್ಗುವ ಕೆಲಸ ಬಂದರೆ ಮಗನನ್ನು ಕರೆಯುವುದು. ಕೋಲು ನುಂಗಿದವರ ಹಾಗೆ ನಡೀತೀರಿ ಅಂತ ಹೆಂಡತಿ ನಗುತ್ತಾಳೆ. ನೋವು ಮಾತ್ರ ಹತ್ತಕ್ಕೆ ಐದರಲ್ಲೇ ಬೇರು ಬಿಟ್ಟು ಕೂತಿದೆ.

ಹೋದ ವಾರ ಹೊಸ ಫಿಸಿಯೋ ಹತ್ತಿರ ಹೋದೆ. ಬೆನ್ನು ಮುಟ್ಟುವ ಮೊದಲೇ ಶೂ ಬಿಚ್ಚಿಸಿ ಒಂಟಿಕಾಲಲ್ಲಿ ನಿಲ್ಲಿಸಿದರು. ಕಣ್ಣು ತೆರೆದು 11 ಸೆಕೆಂಡ್. ಕಣ್ಣು ಮುಚ್ಚಿದರೆ 2. ಎರಡು! ಆಮೇಲೆ ಒಂದು ಮಾತು ಹೇಳಿದರು: "ನಿಮ್ಮ ಬೆನ್ನಿಗೆ ಬಿಗಿಯೋದು ಚೆನ್ನಾಗಿ ಬರುತ್ತೆ. ತೂಗೋದು ಮರೆತುಹೋಗಿದೆ." ದಿನಾ ಹತ್ತು ನಿಮಿಷ ಬ್ಯಾಲೆನ್ಸ್ ಅಭ್ಯಾಸ ಮಾಡಿ ಅಂದರು. ನೆಟ್ಟಗೆ ಕೂರುವ ವಿಷಯವೇ ತೆಗೆಯಲಿಲ್ಲ.

ನೋವಿರುವುದು ಸೊಂಟದಲ್ಲಿ. ಪಾಠ ಪಾದಕ್ಕೆ ಯಾಕೆ? ಯಾರಾದರೂ ಮಾಡಿದ್ದೀರಾ?

ಸುಮ್ನೆ ಬಂದೆ

ಓದಿದ ತಕ್ಷಣ ಎದ್ದು ನಿಂತು ನೋಡಿದೆ. ಎಡಗಾಲು 30 ಸೆಕೆಂಡ್, ಬಲಗಾಲು 8. ನನಗೆ ಸೊಂಟನೋವೇ ಇಲ್ಲ. ಇಲ್ಲಿಯವರೆಗೆ ನೆಮ್ಮದಿಯಾಗಿದ್ದೆ, ಈಗ ಒಂದು ಚಿಂತೆ ಕೊಟ್ಟಿರಿ.

ಮೀನಖಂಡ

ನಾನು ಫಿಸಿಯೋ ಕೆಲಸ ಮಾಡುವವಳು, ಹನ್ನೆರಡು ವರ್ಷದಿಂದ. ನಿಮ್ಮನ್ನು ನೋಡದೆ ನಿಮ್ಮ ಬೆನ್ನಿನ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಅವರು ಯಾಕೆ ಹಾಗೆ ನಿಲ್ಲಿಸಿದರು ಅಂತ ಹೇಳಬಲ್ಲೆ.

ನಾವು ಬೀಳದೆ ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು. ಕಣ್ಣಿನಿಂದ, ಒಳಕಿವಿಯಿಂದ, ಮತ್ತೆ ಪಾದ, ಕೀಲು, ಸ್ನಾಯುಗಳಿಂದ. ಮೂರನೆಯದೇ ಇಲ್ಲಿ ಮುಖ್ಯ. ಬೆನ್ನುಮೂಳೆಗೆ ಅಂಟಿಕೊಂಡಿರುವ ಚಿಕ್ಕ ಚಿಕ್ಕ ಸ್ನಾಯುಗಳಲ್ಲಿ, ಮೈ ಯಾವ ಕಡೆ ವಾಲಿದೆ ಅಂತ ಮಿದುಳಿಗೆ ಹೇಳುವ ಎಳೆಗಳಿವೆ. ಬಹಳ ದಿನದ ಸೊಂಟನೋವಿದ್ದವರಲ್ಲಿ ಈ ಸುದ್ದಿ ಮಸುಕಾಗುವುದು ಜಾಸ್ತಿ. ಆಗ ಮಿದುಳು ಬೆನ್ನಿನ ಮಾತು ಬಿಟ್ಟು ಕಣ್ಣನ್ನು ಮತ್ತು ಪಾದದ ಕೀಲನ್ನು ನಂಬುತ್ತದೆ. ಬೆಲ್ಜಿಯಂನ ಸಂಶೋಧಕರು ನಿಂತವರ ಮೀನಖಂಡಕ್ಕೆ ಒಂದು ಕಂಪಿಸುವ ಯಂತ್ರ ಕಟ್ಟಿ ನೋಡಿದರು. ಮೀನಖಂಡ ನಡುಗಿದರೆ ಮಿದುಳಿಗೆ ತಪ್ಪು ಸುದ್ದಿ ಹೋಗುತ್ತದೆ. ಸೊಂಟನೋವಿದ್ದವರು ಉಳಿದವರಿಗಿಂತ ಜಾಸ್ತಿ ವಾಲಿದರು. ಅಂದರೆ ಅವರು ಬೆನ್ನನ್ನು ಬಿಟ್ಟು ಕಾಲಿನ ಕಡೆಯ ಸುದ್ದಿಯನ್ನೇ ನೆಚ್ಚಿಕೊಂಡಿದ್ದರು.

ನಿಮ್ಮ 11 ಮತ್ತು 2 ಅದೇ ಕಥೆ ಹೇಳುತ್ತಿರಬಹುದು. ಕಣ್ಣು ಮುಚ್ಚಿದರೆ ಎಲ್ಲರಿಗೂ ಕಮ್ಮಿಯಾಗುತ್ತದೆ, ಅದು ಸಹಜ. ಆದರೆ ನಿಮಗೆ ಕೆಳಗಿನ ನೆಲವೇ ಕಿತ್ತುಕೊಂಡ ಹಾಗಾಗಿದೆ.

ಇನ್ನೊಂದು ವಿಷಯ. 1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್ಸನ್ ಒಂದು ಸಣ್ಣ ಪ್ರಯೋಗ ಮಾಡಿದರು. ನಿಂತುಕೊಂಡು ಥಟ್ಟನೆ ಕೈ ಎತ್ತುವುದು, ಅಷ್ಟೆ. ನೋವಿಲ್ಲದವರಲ್ಲಿ ಕೈ ಏಳುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯಾಗಿರುತ್ತದೆ. ಕೈ ಎದ್ದರೆ ಮೈ ಅಲುಗುತ್ತದೆ ಅಂತ ಮೈಗೆ ಮೊದಲೇ ಗೊತ್ತು. ಸೊಂಟನೋವಿದ್ದವರಲ್ಲಿ ಆ ಸ್ನಾಯು ತಡವಾಗಿ ಎದ್ದಿತು. ನೀವು ಪೆನ್ನಿಗೆ ಬಗ್ಗಿ ಸಿಕ್ಕಿಹಾಕಿಕೊಂಡದ್ದಕ್ಕೆ ಇದೇ ಕಾರಣ ಅನ್ನುತ್ತಿಲ್ಲ. ಅಷ್ಟು ಸುಲಭವಾಗಿ ಕಾರಣ ಸಿಗುವುದಿಲ್ಲ. ಆದರೆ ಮೈ ಮುಂಚೆಯೇ ತಯಾರಾಗುವ ಆ ಸಮಯ ಹದಗೆಡುತ್ತದೆ ಅನ್ನುವುದು ನಿಜ.

ಅದೇ ವರ್ಷದ ಇನ್ನೊಂದು ಅಧ್ಯಯನ: ಮೊದಲ ಸಲದ ಸೊಂಟನೋವು ಪೂರ್ತಿ ಹೋದ ಮೇಲೂ ಬೆನ್ನುಮೂಳೆ ಪಕ್ಕದ ಮಲ್ಟಿಫಿಡಸ್ ಸ್ನಾಯು ತಾನಾಗಿ ಮೊದಲಿನಂತೆ ತುಂಬಿಕೊಳ್ಳಲಿಲ್ಲ. ನೋವು ಹೋಯಿತು ಅಂದರೆ ಎಲ್ಲ ಸರಿಯಾಯಿತು ಅಂತಲ್ಲ.

ಲೆಕ್ಕ ಕೇಳುವವನು

ಮೇಡಂ, ತಪ್ಪು ತಿಳಿಯಬೇಡಿ. 1996ರ ನಂತರ ಬಹಳ ನೀರು ಹರಿದಿದೆ, ಅಲ್ವಾ? ಒಳಹೊಟ್ಟೆ ಸ್ನಾಯುವನ್ನೇ ಹುಡುಕಿ ಹುಡುಕಿ ಬಿಗಿಯುವ ವ್ಯಾಯಾಮಗಳ ಬಗ್ಗೆ 2016ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆಯ ವಿಮರ್ಶೆ ಬಂತು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವುದು ಅವರ ಕೆಲಸ. ಬೇರೆ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2021ರಲ್ಲಿ ಮತ್ತೊಂದು ದೊಡ್ಡ ವಿಮರ್ಶೆ, 249 ಪ್ರಯೋಗಗಳನ್ನು ಸೇರಿಸಿ ನೋಡಿದ್ದು. ದೀರ್ಘಕಾಲದ ಸೊಂಟನೋವಿಗೆ ಸುಮ್ಮನಿರುವುದಕ್ಕಿಂತ ವ್ಯಾಯಾಮ ವಾಸಿ. ಅದು ನಿಜ. ಆದರೆ ಒಂಟಿಕಾಲಲ್ಲೇ ನಿಲ್ಲಬೇಕು ಅಂತ ಎಲ್ಲೂ ಇಲ್ಲ.

ಇನ್ನು ಈ "ಸರಿಯಾದ ಭಂಗಿ" ಅನ್ನುವುದು ನನಗೆ ದೊಡ್ಡ ವ್ಯಾಪಾರದ ಹಾಗೆ ಕಾಣುತ್ತದೆ. ಕುರ್ಚಿ, ದಿಂಬು, ಬೆನ್ನಿಗೆ ಕಟ್ಟುವ ಪಟ್ಟಿ, ಬಗ್ಗಿದರೆ ಕುಂಯ್ ಅನ್ನುವ ಯಂತ್ರ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಸೊಂಟದ ಬೆಲ್ಟನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡಬೇಡಿ ಅಂತಲೇ ಇದೆ.

ಗೋಡೆಗೊರಗಿದವರೇ, ಡಿಸ್ಕ್ ಉಬ್ಬಿದೆ ಅಂತ ಹೆದರಬೇಡಿ. 2015ರಲ್ಲಿ ಒಂದು ವಿಮರ್ಶೆ ಬಂತು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ್ದರು. 20 ವಯಸ್ಸಿನವರಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80 ವಯಸ್ಸಿನವರಲ್ಲಿ ಶೇ. 84. ಕೂದಲು ನರೆಯುವ ಹಾಗೆ ಅದೂ ಒಂದು.

ಮೀನಖಂಡ

ಲೆಕ್ಕದವರೇ, ಜಗಳಕ್ಕೆ ಬಂದಿರಿ ಅಂದುಕೊಂಡೆ, ಮುಕ್ಕಾಲು ಪಾಲು ನನ್ನ ಮಾತೇ ಹೇಳಿದಿರಿ. ಬ್ಯಾಲೆನ್ಸ್ ಅಭ್ಯಾಸ ಎಲ್ಲಕ್ಕಿಂತ ಮೇಲು ಅಂತ ನಾನೂ ಹೇಳುವುದಿಲ್ಲ. ಯಾವ ವ್ಯಾಯಾಮ ಅನ್ನುವುದಕ್ಕಿಂತ ಬಿಡದೆ ಮಾಡುವುದು ದೊಡ್ಡದು.

ನಾನು ಅದನ್ನು ಯಾರಿಗೆ ಕೊಡುತ್ತೇನೆ ಗೊತ್ತಾ? ಹೆದರಿ ಬಿಗಿದುಕೊಂಡವರಿಗೆ. ಬೆನ್ನು ನೆಟ್ಟಗಿಡುವುದೇ ಕೆಲಸ ಮಾಡಿಕೊಂಡವರಿಗೆ ಇನ್ನಷ್ಟು ಬಿಗಿಯುವ ವ್ಯಾಯಾಮ ಕೊಟ್ಟರೆ ಏನು ಬಂತು? "ಸಡಿಲ ಬಿಡಿ" ಅಂತ ಬಾಯಲ್ಲಿ ಹೇಳಿದರೆ ಯಾರೂ ಬಿಡುವುದಿಲ್ಲ, ಇನ್ನೂ ಬಿಗಿಯುತ್ತಾರೆ. ಒಂಟಿಕಾಲಲ್ಲಿ ನಿಲ್ಲಿಸಿದರೆ ಬಿಗಿದುಕೊಂಡು ನಿಲ್ಲಲು ಆಗುವುದೇ ಇಲ್ಲ. ಮರದ ಹಲಗೆ ಥರ ಇದ್ದರೆ ಹಲಗೆ ಥರವೇ ಬೀಳುತ್ತೀರಿ. ನಿಲ್ಲಬೇಕಾದರೆ ಹರಡು, ಮಂಡಿ, ಸೊಂಟ ಎಲ್ಲ ಕ್ಷಣಕ್ಷಣಕ್ಕೂ ಚೂರು ಚೂರು ಅಲುಗಾಡಬೇಕು. ಮನಸ್ಸು ಬೀಳದಿರುವ ಕಡೆ ಇರುತ್ತದೆ, ಅಷ್ಟರಲ್ಲಿ ಸೊಂಟ ತನ್ನ ಪಾಡಿಗೆ ಕೆಲಸ ಶುರು ಮಾಡಿರುತ್ತದೆ.

ಭಂಗಿಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟೆ. ಒಂದೇ ಸರಿಯಾದ ಭಂಗಿ ಅಂತ ಇಲ್ಲ. ಒಂದೇ ಭಂಗಿಯಲ್ಲಿ ಎರಡು ಗಂಟೆ ಇದ್ದರೆ ಅದು ಎಷ್ಟೇ ನೆಟ್ಟಗಿರಲಿ, ತಪ್ಪೇ. ನಾನು ಕಲಿಸುವುದು ಸೊಂಟ ಎಲ್ಲಿಂದ ಎಲ್ಲಿಗೆ ಹೋಗಬಲ್ಲದು ಅಂತ ತಿಳಿದುಕೊಳ್ಳುವುದನ್ನು. ಮಂಡಿ ಮಡಚಿ ಅಂಗಾತ ಮಲಗಿ. ಸೊಂಟದ ಕೆಳಗಿನ ಸಂದಿಯನ್ನು ನಿಧಾನಕ್ಕೆ ನೆಲಕ್ಕೆ ಒತ್ತಿ, ಆಮೇಲೆ ಹಾಗೇ ಮೇಲಕ್ಕೆ ಕಮಾನು ಮಾಡಿ. ಹತ್ತು ಸಲ. ಈಗ ಕಣ್ಣು ಮುಚ್ಚಿ ಸರಿಯಾಗಿ ನಡುವೆ ಬಂದು ನಿಲ್ಲಿಸಿ. ನಡು ಎಲ್ಲಿದೆ ಅಂತ ಹುಡುಕುವುದೇ ಎಷ್ಟೋ ಜನಕ್ಕೆ ಮೊದಲ ಪಾಠ.

ಹಲಗೆಯಿಂದ ಬಿದ್ದವಳು

ನನ್ನ ಹೆಸರು ನೋಡಿಯೇ ಗೊತ್ತಾಗಿರಬೇಕು. ಸೊಂಟನೋವಿಗೆ ಅಂತ ಒಂದು ವಿಡಿಯೊ ನೋಡಿ ಅಲ್ಲಾಡುವ ಗುಂಡು ಹಲಗೆ ತರಿಸಿದೆ. ಮೊದಲ ದಿನವೇ ಹತ್ತಿ ಎರಡೂ ಕೈ ಮೇಲೆತ್ತಿದೆ. ವಿಡಿಯೊದಲ್ಲಿ ಆ ಹುಡುಗಿ ಹಾಗೇ ಮಾಡುತ್ತಿದ್ದಳು. ಹಲಗೆ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ಮಣಿಕಟ್ಟು ಆರು ವಾರ ಪಟ್ಟಿಯಲ್ಲಿತ್ತು. ಸೊಂಟನೋವು ಮರೆತೇ ಹೋಯಿತು, ಅದೊಂದು ಲಾಭ.

ಈಗ ನೆಲದ ಮೇಲೆಯೇ ಮಾಡುತ್ತೇನೆ. ಮನೆಯ ಮೂಲೆಯಲ್ಲಿ, ಎರಡು ಗೋಡೆ ಸೇರುವ ಕಡೆಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಎದುರಿಗೆ ಒಂದು ಕುರ್ಚಿ. ಯಾವ ಕಡೆ ವಾಲಿದರೂ ಏನಾದರೊಂದು ಸಿಗುತ್ತದೆ. ಹಲಗೆ ಮಂಚದ ಕೆಳಗಿದೆ, ಬೇಕಾದವರು ಒಯ್ಯಬಹುದು.

ಮೀನಖಂಡ

ಮೂಲೆಯ ಉಪಾಯ ಎಲ್ಲರೂ ಬರೆದಿಟ್ಟುಕೊಳ್ಳಿ. ಹಲಗೆ, ಮೆತ್ತನೆಯ ಪ್ಯಾಡ್, ದೊಡ್ಡ ಚೆಂಡು ಯಾವುದೂ ಕಡ್ಡಾಯವಲ್ಲ. ನೆಲದ ಮೇಲೇ ಕಷ್ಟ ಮಾಡಿಕೊಳ್ಳಲು ಬೇಕಾದಷ್ಟು ದಾರಿ ಇದೆ. ಮೊದಲು ಪಾದ ಜೋಡಿಸಿ 30 ಸೆಕೆಂಡ್. ಅದು ಸಲೀಸಾದರೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ. ಆಮೇಲೆ ಒಂಟಿಕಾಲು. ಆಮೇಲೆ ಒಂಟಿಕಾಲಲ್ಲಿ ನಿಂತು ತಲೆ ಆಚೆ ಈಚೆ ತಿರುಗಿಸುವುದು, ಕೈ ಚಾಚಿ ಏನಾದರೂ ಮುಟ್ಟುವುದು. ಕಣ್ಣು ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ, ಅದೂ ಒಂದು ಬೆರಳು ಗೋಡೆಗೆ ತಾಗಿಸಿಕೊಂಡು.

ನೋವಿನ ಲೆಕ್ಕ ನಾನು ಹೀಗೆ ಹೇಳುತ್ತೇನೆ. ಮಾಡುವಾಗ ಹತ್ತಕ್ಕೆ ಮೂರು ನಾಲ್ಕರವರೆಗೆ ಇದ್ದರೆ, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ, ಮುಂದುವರಿಸಿ. ಗೋಡೆಗೊರಗಿದವರೇ, ನಿಮ್ಮ ಹಾಗೆ ಮೊದಲೇ ಐದು ಇರುವವರಿಗೆ ಆ ಐದೇ ಗೆರೆ. ಅದಕ್ಕಿಂತ ಒಂದೆರಡು ಏರಿ ರಾತ್ರಿಯೆಲ್ಲ ಇಳಿಯದಿದ್ದರೆ ಒಂದು ಮೆಟ್ಟಿಲು ಕೆಳಗೆ ಬನ್ನಿ. ಬಿಡಬೇಡಿ, ಇಳಿಸಿ.

ಅಮ್ಮನ ಮಗಳು

ಮೇಡಂ, ನನ್ನ ಅಮ್ಮನಿಗೆ 70. ಅವರಿಗೂ ವರ್ಷಗಟ್ಟಲೆಯಿಂದ ಸೊಂಟನೋವು. ಇದೇ ಅಭ್ಯಾಸ ಅವರಿಗೂ ಮಾಡಿಸಬಹುದಾ?

ಮೀನಖಂಡ

ಮಾಡಿಸಬಹುದು, ಆದರೆ ಈ ಪೋಸ್ಟ್ ನೋಡಿಕೊಂಡು ಶುರು ಮಾಡಬೇಡಿ. ಮೊದಲು ಡಾಕ್ಟರ್ ಹತ್ತಿರ ಮೂರು ವಿಷಯ ಕೇಳಿ. ಮೂಳೆ ಸವೆದಿದೆಯಾ, ಅಂದರೆ ಟೊಳ್ಳಾಗಿ ಬಲ ಕಳೆದುಕೊಂಡಿದೆಯಾ? ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತದಾ? ತಿನ್ನುವ ಮಾತ್ರೆಗಳಲ್ಲಿ ತೂಕಡಿಕೆ ತರುವಂಥದ್ದು ಇದೆಯಾ? ಮೂಳೆ ಸವೆದವರಿಗೆ ಸಣ್ಣ ಬಿದ್ದುಬಿಡುವಿಕೆಯೂ ದೊಡ್ಡ ಕಥೆಯಾಗುತ್ತದೆ. ಅವರಿಗೆ ಕುರ್ಚಿಯಿಂದ ಕೈ ಊರದೆ ಏಳುವುದು, ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇಷ್ಟರಿಂದ ಸಾಕು. ನೀವು ಪಕ್ಕದಲ್ಲೇ ನಿಂತಿರಬೇಕು. ಕಣ್ಣು ಮುಚ್ಚುವುದು ಬೇಡವೇ ಬೇಡ.

ರಾತ್ರಿ ಪಾಳಿ

ಇಲ್ಲಿ ಒಂದು ಮಾತು ಯಾರೂ ಹೇಳಲಿಲ್ಲ. ನನ್ನ ಸ್ನೇಹಿತನಿಗೂ ಮಾಮೂಲಿ ಸೊಂಟನೋವು ಅಂತಲೇ ಇತ್ತು. ಒಂದು ದಿನ ಮೂತ್ರ ಬಂದದ್ದೇ ಗೊತ್ತಾಗಲಿಲ್ಲ. ಕೂರುವ ಜಾಗವೆಲ್ಲ ಮರಗಟ್ಟಿತು. ಎರಡು ದಿನ ನೋಡೋಣ ಅಂತ ಕಾದ. ಕಾಯಬಾರದಿತ್ತು. ಮೂತ್ರ, ಮಲ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ, ಕಾಲಿನ ಬಲ ಇಳಿಯುತ್ತಾ ಬಂದರೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಓಡಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಜೋರಾಗಿ ಬಿದ್ದದ್ದು, ಇಂಥವು ಇದ್ದರೂ ವ್ಯಾಯಾಮಕ್ಕೆ ಮೊದಲು ತಪಾಸಣೆ.

ಗೋಡೆಗೊರಗಿದವ (ನಾಲ್ಕು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಹೇಗಾಯಿತು ಅಂತ ಹೇಳಬೇಕಲ್ಲ.

ಮೊದಲ ವಾರ ಬರೀ ಅವಮಾನ. ಬೆಳಿಗ್ಗೆ ಹಲ್ಲುಜ್ಜುವಾಗ ಮಾಡುತ್ತಿದ್ದೆ. ಬ್ರಷ್ ಬಾಯಲ್ಲಿ, ಒಂದು ಕೈ ಸಿಂಕಿನ ಅಂಚಿಗೆ ಹತ್ತಿರ, ಬಲಗಾಲು ನೆಲದಿಂದ ನಾಲ್ಕು ಬೆರಳು ಮೇಲೆ. ಕೆಳಗೆ ನೋಡಿದರೆ ಎಡಪಾದದ ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿವೆ, ಉಗುರಿನ ಸುತ್ತ ಬೆಳ್ಳಗಾಗಿದೆ. ಹಲ್ಲು ಕಡಿದುಕೊಂಡಿದ್ದೇನೆ. ಉಸಿರು? ಇಲ್ಲವೇ ಇಲ್ಲ. ಒಂದು ಕಾಲಲ್ಲಿ ನಿಲ್ಲುವುದಕ್ಕೆ ಇಡೀ ಮೈ ಯುದ್ಧಕ್ಕೆ ಹೊರಟ ಹಾಗಿತ್ತು. ಉಸಿರು ಹಿಡಿಯುತ್ತಿದ್ದೇನೆ ಅಂತ ನನಗೆ ಗೊತ್ತೇ ಇರಲಿಲ್ಲ. ಫಿಸಿಯೋ ಹತ್ತಿರ ಹೋದಾಗ "ಜೋರಾಗಿ ಎಣಿಸಿ" ಅಂದರು. ಒಂದು, ಎರಡು, ಮೂರು... ನಾಲ್ಕಕ್ಕೆ ದನಿ ನಿಂತುಹೋಯಿತು. ಆಗ ಹೊಳೆಯಿತು. ನಾನು ಮೂರು ವರ್ಷ ಹೀಗೇ ಇದ್ದೆ. ಕುರ್ಚಿಯಿಂದ ಏಳುವಾಗ, ಬಾಗಿಲು ತಳ್ಳುವಾಗ, ಯಾರಾದರೂ ಹಿಂದಿನಿಂದ ಕರೆದಾಗ.

ಈಗ ಎಣಿಸುತ್ತಲೇ ನಿಲ್ಲುತ್ತೇನೆ. ಎಣಿಸಿದರೆ ಉಸಿರು ಹೋಗಲೇಬೇಕು, ಉಸಿರು ಹೋದರೆ ಹೊಟ್ಟೆ ಬಿಗಿದಿರಲು ಆಗುವುದಿಲ್ಲ. ಎರಡನೇ ವಾರ ಒಂದು ವಿಚಿತ್ರ ಆಯಿತು. ನಿಂತಾಗ ಸೊಂಟ ಸಣ್ಣಗೆ ಆಚೆ ಈಚೆ ತೂಗುವುದು ಗೊತ್ತಾಯಿತು. ಮೊದಲು ಗಾಬರಿಯಾದೆ, ಏನೋ ಜಾರುತ್ತಿದೆ ಅಂತ. ಆಮೇಲೆ ನೋಡಿದರೆ ನೋವಿಲ್ಲ. ಅಲುಗಾಡಿದರೂ ನೋವಿಲ್ಲ ಅನ್ನುವುದನ್ನು ಮೂರು ವರ್ಷದಲ್ಲಿ ಮೊದಲ ಸಲ ಕಂಡೆ.

ಬಗ್ಗುವುದನ್ನೂ ಹೇಳಿಕೊಟ್ಟರು. ಒಂದು ಉದ್ದ ಕೋಲು ಬೆನ್ನ ಮೇಲೆ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ, ಮೂರೂ ಕಡೆ ತಾಗಿರಬೇಕು. ಕೋಲು ಬಿಡದ ಹಾಗೆ ಕುಂಡಿಯನ್ನು ಹಿಂದಕ್ಕೆ ತಳ್ಳಿ ತೊಡೆಸಂದಿಯಲ್ಲಿ ಬಗ್ಗುವುದು. ಮೂರನೇ ವಾರ ಕೋಲು ತೆಗೆದರು. "ಈಗ ಬೆನ್ನು ಬಾಗಿಸಿ ಬಗ್ಗಿ" ಅಂದರು. ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಭಾರ ಇಲ್ಲದಾಗ ಬೆನ್ನು ಬಾಗುವುದು ಅದರ ಕೆಲಸ, ಎರಡೂ ಬರಬೇಕು ಅಂದರು. ಬೆವರು ಬಂತು. ಏನೂ ಆಗಲಿಲ್ಲ.

ಎಲ್ಲ ಚೆನ್ನಾಗಿದೆ ಅಂತಲ್ಲ. ಹೋದ ಭಾನುವಾರ ಉಮೇದು ಜಾಸ್ತಿಯಾಗಿ ಭಾರದ ಚೀಲ ಹಿಡಿದು ಒಂಟಿಕಾಲಲ್ಲಿ ನಿಂತೆ. ಎರಡು ದಿನ ನೋವು ಏಳಕ್ಕೆ ಹೋಯಿತು. ಹಳೆಯ ನಾನಾಗಿದ್ದರೆ ಬೆಲ್ಟ್ ಕಟ್ಟಿ ಒಂದು ವಾರ ಮಲಗುತ್ತಿದ್ದೆ. ಈ ಸಲ ಪಾದ ಜೋಡಿಸಿ ನಿಲ್ಲುವುದಕ್ಕೆ ಇಳಿದೆ, ಓಡಾಡಿಕೊಂಡಿದ್ದೆ. ಬುಧವಾರಕ್ಕೆ ನಾಲ್ಕು. ಈಗ ಮೂರು, ಕೆಲವು ದಿನ ನಾಲ್ಕು. ಬೆಲ್ಟ್ ಬೀರುವಿನಲ್ಲಿದೆ. ಎಸೆಯಲು ಇನ್ನೂ ಧೈರ್ಯ ಬಂದಿಲ್ಲ.

ಲೆಕ್ಕ ಕೇಳುವವನು

ಐದರಿಂದ ಮೂರಕ್ಕೆ ಬಂದದ್ದು ಸಣ್ಣ ಮಾತಲ್ಲ, ಒಪ್ಪಿದೆ. ಆದರೆ ನಾಲ್ಕು ವಾರದಲ್ಲಿ ಸುಮ್ನೆ ಇದ್ದರೂ ಇಳಿಯುತ್ತಿತ್ತೇನೋ, ಅದನ್ನು ಒಬ್ಬರ ಕಥೆಯಿಂದ ಹೇಳಲು ಆಗದು. ಇಷ್ಟರ ಮೇಲೆ ನನ್ನದೊಂದು ಸಲಹೆ: ನಡಿಗೆ ಸೇರಿಸಿ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗ ಬಂತು, 701 ಜನ. ಎಲ್ಲರೂ ಆಗಷ್ಟೇ ಸೊಂಟನೋವಿನಿಂದ ಚೇತರಿಸಿಕೊಂಡವರು. ಫಿಸಿಯೋ ಸಲಹೆಯ ಜೊತೆ ಮೆಲ್ಲಗೆ ಏರಿಸುತ್ತಾ ನಡೆದವರ ಗುಂಪಿನಲ್ಲಿ ನೋವು ಮರಳಲು 208 ದಿನ ಹಿಡಿಯಿತು. ಏನೂ ಮಾಡದವರಲ್ಲಿ 112. ಸರಾಸರಿ ಅಲ್ಲ, ನಡುವಿನ ಅಂಕಿ, ಅಂದರೆ ಅರ್ಧ ಜನಕ್ಕೆ ಅಷ್ಟರೊಳಗೆ ನೋವು ಮರಳಿತ್ತು. ನಿಮ್ಮ ಹಾಗೆ ನೋವು ಇನ್ನೂ ಇರುವವರ ಮೇಲೆ ಮಾಡಿದ್ದಲ್ಲ ಅದು, ಆದರೂ ನಡೆದು ಕಳೆದುಕೊಳ್ಳುವುದೇನಿಲ್ಲ.

ಮೀನಖಂಡ

ನಡಿಗೆಯನ್ನು ಬೇರೆ ವ್ಯಾಯಾಮ ಅಂದುಕೊಳ್ಳಬೇಡಿ. ಲಕ್ಷ್ಯ ಕೊಟ್ಟು ನೋಡಿ, ನಡೆಯುವಾಗ ಎರಡೂ ಪಾದ ನೆಲದ ಮೇಲಿರುವುದು ಒಂದು ಚೂರು ಹೊತ್ತು. ಉಳಿದದ್ದೆಲ್ಲ ಒಂಟಿಕಾಲೇ. ನೀವು ಸಿಂಕಿನ ಮುಂದೆ ಕಲಿತದ್ದು ಅಲ್ಲಿ ಖರ್ಚಾಗುತ್ತದೆ. ಕೈ ಬೀಸಿ ನಡೆಯಿರಿ. ಕೈ ಬೀಸದೆ ಕೋಲು ನುಂಗಿದ ಹಾಗೆ ನಡೆದರೆ ಸೊಂಟ ತಿರುಗುವುದೇ ಇಲ್ಲ.

ಬೆಲ್ಟ್ ಬೀರುವಿನಲ್ಲೇ ಇರಲಿ, ಎಸೆಯುವ ಅವಸರ ಏನಿದೆ.

ಗೋಡೆಗೊರಗಿದವ

ಆಯಿತು, ನಾಳೆಯಿಂದ 15 ನಿಮಿಷ ನಡಿಗೆ. ಕಣ್ಣು ಮುಚ್ಚಿ ನಿಲ್ಲುವುದನ್ನು ಶುರು ಮಾಡಬಹುದಾ? ಕಣ್ಣು ತೆರೆದು 26 ಸೆಕೆಂಡ್ ಬಂದಿದೆ.

ಮೀನಖಂಡ

ಎಣಿಸುತ್ತಾ 30 ಬರಲಿ, ಒಂದೊಂದು ಕಾಲಲ್ಲೂ. ಆಮೇಲೆ ಮೂಲೆಯಲ್ಲಿ, ಬೆರಳು ಗೋಡೆಗೆ.

ಸುಮ್ನೆ ಬಂದೆ

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಲಗಾಲು 19.